ಅವ್ವನ ಅಕೌಂಟಿಂದ ತಿಂಗ್ಳಾ ತಿಂಗ್ಳಾ 399 ಕಟ್ ಆಗ್ತೈತೆ, ಬ್ಯಾಂಕ್‌ನೋರು ನೀವೇ ಕೊಟ್ಟಿರೋದು ಅಂತಾರೆ, ಏನ್ ಮಾಡದು?

ಆಲೂರ್ ಸೀಮೆಯವ್ನು

ನಮಸ್ಕಾರ ಎಲ್ರಿಗೂ, ಸ್ವಲ್ಪ ಉದ್ದ ಆಗುತ್ತೆ ಬೇಜಾರ್ ಮಾಡ್ಕೋಬೇಡಿ. ನಮ್ದು ಆಲೂರು ತಾಲ್ಲೂಕು, ನಾನು ಹಾಸನದಲ್ಲಿ ಗ್ಯಾರೇಜ್ ಕೆಲ್ಸ, ಅವ್ವ ಊರಲ್ಲೇ ಎರಡು ಹಸ ಕಟ್ಕೊಂಡು ಇದಾರೆ. ಅವ್ವನ ಅಕೌಂಟಿಗೆ ಡೈರಿ ಬಟವಾಡೆ ಬೀಳುತ್ತೆ, ಗೃಹಲಕ್ಷ್ಮಿ ಎರಡು ಸಾವಿರ ಬಂದಾಗ ಬರುತ್ತೆ, ಮೂರು ತಿಂಗ್ಳಿಗೊಂದ್ಸಲ ಒಂದು ಇನ್ಶೂರೆನ್ಸ್ ಕಂತು 1,050 ತಾನೇ ಕಟ್ ಆಗೋ ಥರ ಮಾಡಿದೀವಿ. ಅಷ್ಟೇ ವ್ಯವಹಾರ.

ಮೊನ್ನೆ ಕಾಫಿ ಕುಯ್ಲು ಮುಗಿಸ್ಕೊಂಡು ಅವ್ವ ಪಾಸ್‌ಬುಕ್ ಎಂಟ್ರಿ ಹಾಕ್ಸು ಅಂತ ಕೊಟ್ಟಿದ್ರು, ಹಾಕ್ಸಿ ನೋಡಿದ್ರೆ ಅಕ್ಟೋಬರ್‌ನಿಂದ ಪ್ರತಿ ತಿಂಗ್ಳು 24ಕ್ಕೆ 399 ಹೋಗಿದೆ, ನಾಲ್ಕು ಸಲ ಆಗಿದೆ. ಅದರ ಜೊತೆಗೆ ಜನವರಿ ಕೊನೇಲಿ 295 ಅಂತ ಇನ್ನೊಂದು. ಅವ್ವಂಗೆ ಕೇಳಿದ್ರೆ ನಂಗೇನ್ ಗೊತ್ತಪ್ಪ, ಹಾಲಿನ್ ದುಡ್ಡು ಕಮ್ಮಿ ಬರ್ತೈತೆ, ಡೈರಿ ಸೆಕ್ರೆಟ್ರಿ ಫ್ಯಾಟ್ ಕಮ್ಮಿ ಬರ್ಕೊತಾನೆ ಅನ್ಕೊಂಡಿದ್ದೆ ಅಂತಾರೆ. ಪಾಪ ಆ ಸೆಕ್ರೆಟ್ರಿ ಜೊತೆ ಒಂದ್ಸಲ ಜಗಳನೂ ಆಡಿದ್ರಂತೆ.

ಬ್ರಾಂಚಲ್ಲಿ ಕೇಳಿದ್ರೆ ಕೌಂಟರ್‌ನಲ್ಲಿದ್ದೋರು ಕಂಪ್ಯೂಟರ್ ನೋಡಿ "ಇದು ಯಾವ್ದೋ ಆಪ್ ಸಬ್‌ಸ್ಕ್ರಿಪ್ಷನ್, ಪಿನ್ ಹಾಕಿ ನೀವೇ ಪರ್ಮಿಷನ್ ಕೊಟ್ಟಿದೀರ, ನಮ್ ಕೈಲೇನಿಲ್ಲ, ಆಪ್‌ನೋರ್ನೇ ಕೇಳಿ" ಅಂದು ಮುಂದಿನೋರ್ನ ಕರೆದ್ರು. ಅವ್ವಂಗೆ ಆಪ್ ಅಂದ್ರೆ ಏನು ಅಂತಾನೇ ಗೊತ್ತಿಲ್ಲ. ಮೆಸೇಜ್ ಎಲ್ಲಾ ರಾತ್ರಿ ಹತ್ತು ಗಂಟೆ ಮೇಲೆ ಬಂದಿವೆ, ಅದಕ್ಕೇ ಯಾರೋ ಹ್ಯಾಕ್ ಮಾಡವ್ರೆ ಅಂತ ನನ್ನ ಅನುಮಾನ. ಇನ್ನು ಒಂಬತ್ತು ದಿನಕ್ಕೆ ಮತ್ತೆ 24 ಬರುತ್ತೆ. ಏನ್ ಮಾಡದು, ಯಾರಿಗಾದ್ರೂ ಗೊತ್ತಿದ್ರೆ ಹೇಳಿ.

ಬಿಎಂ ರೋಡ್ ಬಾಯ್

ಗುರು ಮೊದ್ಲು ಎಟಿಎಂ ಕಾರ್ಡ್ ಬ್ಲಾಕ್ ಮಾಡ್ಸು, ಆಮೇಲೆ ಫೋನಲ್ಲಿರೋ ಬೇಡದ ಆಪ್ ಎಲ್ಲಾ ಡಿಲೀಟ್ ಹೊಡಿ, ನಿಂತೋಗುತ್ತೆ. ರಿಸರ್ವ್ ಬ್ಯಾಂಕ್ ರೂಲ್ ಇದೆ, ನಮ್ಮ ಪರ್ಮಿಷನ್ ಇಲ್ದೆ ಹೋದ ದುಡ್ಡು ಬ್ಯಾಂಕ್‌ನೋರೇ ಹತ್ತು ದಿನದಲ್ಲಿ ವಾಪಸ್ ಹಾಕ್ಬೇಕು, ಬಿಡ್ಬೇಡ. 1930ಕ್ಕೂ ಫೋನ್ ಮಾಡು.

ರಿಟೈರ್ಡ್ ಕ್ಯಾಷಿಯರ್, ಚಿಕ್ಕಮಗಳೂರು

ಮೇಲೆ ಹೇಳಿರೋ ತಮ್ಮ ಒಳ್ಳೇ ಮನಸ್ಸಿಂದ ಹೇಳಿದಾನೆ, ಆದ್ರೆ ಅಷ್ಟೂ ಮಾಡಿದ್ರೂ 24ಕ್ಕೆ 399 ಹೋಗೇ ಹೋಗುತ್ತೆ. ಮೂವತ್ತೆರಡು ವರ್ಷ ಕೌಂಟರ್ ಆ ಕಡೆ ಕೂತವನು ನಾನು, ಆ ಕಡೆಯವರ ಕಷ್ಟನೂ ಗೊತ್ತು ಕಳ್ಳಾಟನೂ ಗೊತ್ತು.

ಎಟಿಎಂ ಕಾರ್ಡ್ ಒಂದು ದಾರಿ, ಯುಪಿಐ ಬೇರೆ ದಾರಿ. ಕಾರ್ಡ್ ಬ್ಲಾಕ್ ಮಾಡಿಸಿದ್ರೆ ಆ ಬಾಗಿಲು ಮುಚ್ಚುತ್ತೆ, ಹಿತ್ತಲ ಬಾಗಿಲು ತೆರೆದೇ ಇರುತ್ತೆ. ಆಪ್ ಡಿಲೀಟ್ ಮಾಡೋದಂತೂ ಇನ್ನೂ ಮೋಸ, ಯಾಕಂದ್ರೆ ನೀವು ಒಪ್ಪಿಗೆ ಕೊಟ್ಟಿರೋದು ಫೋನಲ್ಲಿರೋ ಆಪಿಗಲ್ಲ, ಬ್ಯಾಂಕಲ್ಲಿ ಮ್ಯಾಂಡೇಟ್ ಅಂತ ಒಂದು, ಅಂದ್ರೆ ತಾನೇ ಕಟ್ ಮಾಡ್ಕೊಳ್ಳೋಕೆ ಕೊಟ್ಟ ಒಪ್ಪಿಗೆ, ಕೂತಿರುತ್ತೆ, ಫೋನನ್ನೇ ಹೇಮಾವತಿಗೆ ಎಸೆದ್ರೂ ಅದು ಕೂತೇ ಇರುತ್ತೆ. ಅದನ್ನ ರದ್ದು ಮಾಡಬೇಕು.

ಅದಕ್ಕೆ ಮುಂಚೆ ಒಂದು ಕೆಲಸ ಮಾಡಪ್ಪ. ಪಾಸ್‌ಬುಕ್‌ನಲ್ಲಿ 399 ಎದುರಿಗೆ ವಿವರ ಅಂತ ಇರೋ ಕಾಲಂನಲ್ಲಿ ಏನು ಪ್ರಿಂಟ್ ಆಗಿದೆ ಅದನ್ನ ಅಕ್ಷರ ಬಿಡದೆ ಇಲ್ಲಿ ಬರಿ, ಅಕೌಂಟ್ ನಂಬರ್ ಮಾತ್ರ ಹಾಕಬೇಡ. ಯುಪಿಐ ಅಂತ ಇದ್ದು ಪಕ್ಕದಲ್ಲಿ 12 ಅಂಕಿ ನಂಬರ್ ಇದ್ರೆ ಅದು ಯುಪಿಐ ದಾರಿ, ಪ್ರತಿ ತಿಂಗಳು ತಾನೇ ಹೋಗ್ತಿರೋದ್ರಿಂದ ಆಟೋಪೇ. ಎಸಿಎಚ್ ಡಿ ಅಂತ ಶುರುವಾಗಿದ್ರೆ ಅದು ನ್ಯಾಚ್, ಅಂದ್ರೆ ಕಂತು, ಇಎಂಐ, ಇನ್ಶೂರೆನ್ಸ್ ಹೋಗೋ ದಾರಿ. ಇವೆರಡೂ ಅಲ್ಲದೆ ಕಾರ್ಡಿಂದ ಹೋಗಿದ್ರೆ ಬೇರೆ ಥರ ಇರುತ್ತೆ. ದಾರಿ ಯಾವುದು ಅಂತ ಗೊತ್ತಿಲ್ಲದೆ ಅರ್ಜಿ ಬರೆದ್ರೆ ಅದು ತಪ್ಪು ಟೇಬಲ್ಲಿಗೆ ಹೋಗಿ ಅಲ್ಲೇ ಧೂಳು ಹಿಡಿಯುತ್ತೆ, ಎಷ್ಟು ನೋಡಿಲ್ಲ ನಾನು.

295 ಮಾತ್ರ ಈಗಲೇ ಹೇಳಿಬಿಡಬಹುದು. 250ಕ್ಕೆ ನೂರಕ್ಕೆ 18 ಜಿಎಸ್‌ಟಿ ಸೇರಿಸಿ ನೋಡು, 295. ಅಕೌಂಟಲ್ಲಿ ದುಡ್ಡು ಸಾಲದೆ ಯಾವುದೋ ಕಂತು ವಾಪಸ್ ಹೋಗಿದೆ, ಅದಕ್ಕೆ ಹಾಕಿರೋ ದಂಡ. ನಿಮ್ಮ ತಾಯಿ ಇನ್ಶೂರೆನ್ಸ್ ಕಂತು ಕಟ್ಟಿದೆಯೋ ಇಲ್ವೋ ಮೊದ್ಲು ನೋಡ್ಕೋ.

ಆಲೂರ್ ಸೀಮೆಯವ್ನು

ಸರ್ ನೀವ್ ಹೇಳಿದ್ದೇ ಸರಿ. 399 ನಾಲ್ಕಕ್ಕೂ ಯುಪಿಐ ಅಂತ ಇದೆ, 12 ಅಂಕಿ ನಂಬರೂ ಇದೆ, ಕೊನೇಲಿ ಯಾವ್ದೋ ಕಂಪ್ನಿ ಹೆಸ್ರು ಅರ್ಧ ಪ್ರಿಂಟ್ ಆಗಿದೆ. ಅಕ್ಟೋಬರ್ 21ಕ್ಕೆ ಅದೇ ಹೆಸರಲ್ಲಿ 2 ರೂಪಾಯಿನೂ ಹೋಗಿದೆ, ಎರಡ್ ರೂಪಾಯಿ ಅಂತ ಕಣ್ಣಿಗೇ ಬಿದ್ದಿರ್ಲಿಲ್ಲ. ಇನ್ಶೂರೆನ್ಸ್ ಕಂತು ಜನವರಿ 27ಕ್ಕೆ ಹೋಗ್ಬೇಕಿತ್ತು, 24ಕ್ಕೆ ಈ 399 ಹೋಗಿ ಉಳಿದಿದ್ದು 780 ಚಿಲ್ರೆ, ಕಂತು ಬೌನ್ಸ್ ಆಗಿ 295 ಬಿದ್ದಿದೆ. ಹೊಟ್ಟೆ ಉರಿಯುತ್ತೆ ಸರ್.

ಇನ್ನೊಂದು ವಿಷ್ಯ ಗೊತ್ತಾಯ್ತು. ದೀಪಾವಳಿ ಟೈಮಲ್ಲಿ ತಂಗಿ ಮಗ ಬೆಂಗ್ಳೂರಿಂದ ಬಂದಿದ್ದ, ಹಾಸನಾಂಬೆ ದರ್ಶನ ಮುಗಿಸ್ಕೊಂಡು ಊರಲ್ಲಿ ಒಂದ್ವಾರ ಇದ್ರು. ಅವ್ವನ ಫೋನಲ್ಲಿ ಒಂದೊಂದು ನಿಮಿಷದ ಸೀರಿಯಲ್ ಬರುತ್ತಲ್ಲ ಆ ಥರದ್ದೊಂದು ಆಪ್ ಹಾಕ್ಕೊಂಡು ನೋಡ್ತಿದ್ದ. ಐದಾರು ಎಪಿಸೋಡ್ ಆದ್ಮೇಲೆ 2 ರೂಪಾಯಿ ಕಟ್ಟಿ ಅಂತ ಬಂತಂತೆ. ಅವ್ನು ಕಟ್ಟಿದ. ಪಿನ್ ಯಾರು ಹಾಕಿದ್ದು ಅಂದ್ರೆ ಅಜ್ಜಿನೇ ಹಾಕಿದ್ದು ಅಂತಾನೆ!

ಅವ್ವನ್ನ ಕೇಳ್ದೆ. ಗೃಹಲಕ್ಷ್ಮಿ ಬಂತಾ ಅಂತ ನೋಡಕ್ಕೆ ಪಿನ್ ಹಾಕೋದು ನಾನೇ ಕಲಿಸ್ಕೊಟ್ಟಿದ್ದೆ ಸರ್. ಬ್ಯಾಲೆನ್ಸ್ ನೋಡಕ್ಕೂ ಅದೇ ನಾಲ್ಕು ಅಂಕಿ, ಅದೇ ಪರದೆ. ಹುಡುಗ ಫೋನ್ ಹಿಡ್ಕೊಂಡ್ ಬಂದು ಅಜ್ಜಿ ಪಿನ್ ಹಾಕು ಅಂದಿದಾನೆ, ಇವ್ರು ದುಡ್ಡು ಬಂತೇನೋ ನೋಡ್ತಾವ್ನೆ ಅನ್ಕೊಂಡು ಒತ್ತಿದಾರೆ. ಒಲೆ ಮುಂದೆ ಕೂತಿದ್ರಂತೆ, ಕೈಯಲ್ಲಿ ಹಿಟ್ಟಾಗಿತ್ತು, ಸೆರಗಿಗೆ ಒರೆಸ್ಕೊಂಡು ಒತ್ತಿದ್ದೂ ನೆನಪಿದೆ, ಏನಕ್ಕೆ ಒತ್ತಿದ್ದು ಅಂತ ಮಾತ್ರ ಗೊತ್ತಿಲ್ಲ.

ಈಗ ನಾವೇ ಪಿನ್ ಹಾಕಿದ್ದು ಅಂತಾದ್ರೆ ದುಡ್ಡು ಹೋದಂಗೇನಾ?

ಮೂಡಿಗೆರೆ ಮಳೆ

ಅಯ್ಯೋ ಮಾರಾಯ್ರೆ ಹುಡುಗನ್ನ ಬೈಬೇಡಿ, ಎರಡು ರೂಪಾಯಿ ತೋರ್ಸಿ 399 ಎಳೆಯೋದು ದೊಡ್ಡೋರಿಗೂ ಗೊತ್ತಾಗಲ್ಲ. ನಂಗೂ ಒಂದ್ಸಲ ಆಗಿದೆ, ಆ ಪರದೇಲಿ ದೊಡ್ಡದಾಗಿ 1 ರೂಪಾಯಿ, ಅದ್ರ ಕೆಳಗೆ ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ ಆಮೇಲೆ ತಿಂಗಳಿಗೆ ಇಷ್ಟು ಅಂತ. ಮ್ಯಾಂಡೇಟ್ ಲಿಮಿಟ್ ನೋಡಿದ್ರೆ 5,000 ತನಕ ಎಳೀಬೋದು ಅಂತ ಇತ್ತು, ಎದೆ ಝಲ್ ಅಂತು.

ನಮ್ಮನೇಲಿ ಆಗಿದ್ದು ಬೇರೆ ಕಥೆ, ಆದ್ರೂ ಹೇಳ್ತೀನಿ. ನಮ್ಮ ಯಜಮಾನ್ರ ಅಕೌಂಟಲ್ಲಿ ಪ್ರತಿ ಮೇ ತಿಂಗ್ಳು 436 ಒಂದು, 20 ಒಂದು ಕಟ್ ಆಗ್ತಿತ್ತು. ಅದು ಜೀವನ್ ಜ್ಯೋತಿ ಮತ್ತೆ ಸುರಕ್ಷಾ ಬಿಮಾ ಅಂತ ಆಮೇಲೆ ಗೊತ್ತಾಯ್ತು. ನಾವು ಎಲ್ಲೂ ಸೈನ್ ಹಾಕಿರ್ಲಿಲ್ಲ. ಬ್ಯಾಂಕಲ್ಲಿ ನೀವೇ ಒಪ್ಪಿದೀರ ಅಂದ್ರು, ನಾನು ಸರಿ ಹಾಗಾದ್ರೆ ಸೈನ್ ಹಾಕಿರೋ ಫಾರಂ ತೋರ್ಸಿ ಅಂತ ಅಲ್ಲೇ ಬೆಂಚ್ ಮೇಲೆ ಕೂತೆ. ಒಂದು ಗಂಟೆ ಹುಡುಕಿದ್ರು, ಸಿಗ್ಲಿಲ್ಲ. ಆ ವರ್ಷದ್ದು ಎರಡೂ ವಾಪಸ್ ಹಾಕಿದ್ರು. ನನ್ ಪ್ರಕಾರ ಜಗಳ ಆಡೋದಕ್ಕಿಂತ ಫಾರಂ ತೋರ್ಸಿ ಅಂತ ಕೂರೋದೇ ವಾಸಿ. ಆದ್ರೆ ಆ 20 ರೂಪಾಯಿದನ್ನ ತೆಗೆಸಬಾರದಿತ್ತು ಅಂತ ಈಗ ಅನ್ಸುತ್ತೆ, ವರ್ಷಕ್ಕೆ ಇಪ್ಪತ್ತು ರೂಪಾಯಿಗೆ ಎರಡು ಲಕ್ಷದ ಆಕ್ಸಿಡೆಂಟ್ ಕವರ್, ಘಾಟಿಯಲ್ಲಿ ದಿನಾ ಬೈಕಲ್ಲಿ ಓಡಾಡೋ ಮನುಷ್ಯ. ಸಿಟ್ಟಲ್ಲಿ ತೆಗೆಸಿಬಿಟ್ಟೆ ನೋಡಿ.

ರಿಟೈರ್ಡ್ ಕ್ಯಾಷಿಯರ್, ಚಿಕ್ಕಮಗಳೂರು

ಮೂಡಿಗೆರೆ ಅಕ್ಕ ಹೇಳಿದ್ದು ನೂರಕ್ಕೆ ನೂರು, ಕೌಂಟರ್ ಒಳಗಿರೋರು ಹೆದರೋದು ಕೂಗಾಟಕ್ಕಲ್ಲ, ಕಾಗದಕ್ಕೆ.

ಈಗ ಆಲೂರು ತಮ್ಮನ ವಿಷಯಕ್ಕೆ ಬರ್ತೀನಿ. ಹ್ಯಾಕ್ ಅಲ್ಲ ಬಿಡು. ರಾತ್ರಿ ಹತ್ತರ ಮೇಲೆ ಕಟ್ ಆಗೋದಕ್ಕೆ ಕಾರಣ ಇದೆ, 2025ರ ಆಗಸ್ಟ್‌ನಿಂದ ಆಟೋಪೇ ಕಡಿತನ ಜನ ಜಾಸ್ತಿ ಯುಪಿಐ ಬಳಸೋ ಹೊತ್ತಲ್ಲಿ, ಅಂದ್ರೆ ಬೆಳಿಗ್ಗೆ ಹತ್ತರಿಂದ ಒಂದು, ಸಂಜೆ ಐದರಿಂದ ಒಂಬತ್ತೂವರೆ, ಆ ಟೈಮಲ್ಲಿ ಮಾಡಂಗಿಲ್ಲ ಅಂತ ಯುಪಿಐ ನಡೆಸೋ ಎನ್‌ಪಿಸಿಐ ಸಂಸ್ಥೆ ರೂಲ್ ಮಾಡಿದೆ. ಅದಕ್ಕೇ ಅವೇಳೇಲಿ ಹೋಗ್ತಿದೆ.

ಇವತ್ತೇ ರಾತ್ರಿ ಊರಿಗೆ ಹೋಗಿ ಅಮ್ಮನ ಫೋನ್ ತಗೋ. ಫೋನ್‌ಪೇ, ಗೂಗಲ್ ಪೇ, ಪೇಟಿಎಂ, ಯಾವುದಿದೆಯೋ ಅದರಲ್ಲಿ ಪ್ರೊಫೈಲ್ ಒಳಗೆ ಹೋದ್ರೆ ಆಟೋಪೇ ಅಂತ ಇರುತ್ತೆ, ಅದರೊಳಗೆ ಆ ಕಂಪನಿ ಹೆಸರು ಕಾಣುತ್ತೆ. ರದ್ದು ಮಾಡೋಕೆ ಮುಂಚೆ ಅದರ ಫೋಟೋ ತೆಗೆದಿಟ್ಕೋ, ಯಾವತ್ತು ಶುರುವಾಯ್ತು ಲಿಮಿಟ್ ಎಷ್ಟು ಅನ್ನೋದು ಅದರಲ್ಲೇ ಇರುತ್ತೆ, ಆಮೇಲೆ ಬೇಕು ಅಂದ್ರೆ ಸಿಗದೇ ಹೋಗಬಹುದು. ಆಮೇಲೆ ರದ್ದು ಮಾಡು. ರದ್ದಾಯ್ತು ಅಂತ ಬರೋದನ್ನೂ ಫೋಟೋ ತೆಗಿ. ಒಂದೇ ಫೋನಲ್ಲಿ ಎರಡು ಮೂರು ಯುಪಿಐ ಆಪ್ ಇದ್ರೆ ಎಲ್ಲದರಲ್ಲೂ ನೋಡು.

ದುಡ್ಡು ಹೋದಂಗೇನಾ ಅಂತ ಕೇಳಿದ್ಯಲ್ಲ. ಬಿಎಂ ರೋಡ್ ತಮ್ಮ ಹೇಳಿದ ರೂಲ್ ನಿಜವಾಗ್ಲೂ ಇದೆ, 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಲ್ಲಿ ಬಂದಿದ್ದು. ಬ್ಯಾಂಕಿಂದೂ ಗ್ರಾಹಕಂದೂ ತಪ್ಪಿಲ್ಲದೆ ಮೂರನೆಯವರಿಂದ ದುಡ್ಡು ಹೋಗಿದ್ರೆ, ಮೆಸೇಜ್ ಬಂದು ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ಹೇಳಿದ್ರೆ ಒಂದು ಪೈಸೆ ನಷ್ಟನೂ ನಿಮ್ಮದಲ್ಲ. ನಾಲ್ಕರಿಂದ ಏಳು ಕೆಲಸದ ದಿನ ಆದ್ರೆ ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚಂದ್ರೆ 10,000 ತನಕ ನಿಮ್ಮ ತಲೆ ಮೇಲೆ. ಹತ್ತು ಕೆಲಸದ ದಿನದಲ್ಲಿ ದುಡ್ಡು ತಾತ್ಕಾಲಿಕವಾಗಿ ವಾಪಸ್ ಹಾಕಬೇಕು ಅನ್ನೋದೂ ಅದರಲ್ಲೇ ಇದೆ. ಆದ್ರೆ ಪಿನ್ ನಾವೇ ಒತ್ತಿರೋ ಕೇಸಿಗೆ ಅದು ಅಷ್ಟು ಸುಲಭಕ್ಕೆ ಕೂರಲ್ಲ. ಬ್ಯಾಂಕಿನವರು ಪಿನ್ ಒತ್ತಿದ ಕಂಪ್ಯೂಟರ್ ದಾಖಲೆ ತೆಗೆದು ಇಟ್ಟುಬಿಡ್ತಾರೆ. ಅದಕ್ಕೆ ನನ್ನ ಮಾತು ಇಷ್ಟೇ, ಅರ್ಜಿಯಲ್ಲಿ ಪಿನ್ ಹಾಕೇ ಇಲ್ಲ ಅಂತ ಮಾತ್ರ ಬರೀಬೇಡ. ಒಂದು ಸುಳ್ಳು ಸಿಕ್ಕಿಬಿದ್ರೆ ಇರೋ ನಿಜನೂ ಹಾಳಾಗುತ್ತೆ.

ಹಾಗಂತ ಸುತ್ತೋಲೆ ಪೂರ್ತಿ ಕೆಲಸಕ್ಕೆ ಬರಲ್ಲ ಅಂತಲೂ ಅಲ್ಲ. ಗ್ರಾಹಕನೇ ಎಡವಿದ್ರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಹೋಗೋ ದುಡ್ಡಿಗೆ ಬ್ಯಾಂಕೇ ಹೊಣೆ ಅಂತ ಅದರಲ್ಲಿದೆ. ಅದಕ್ಕೇ 24ರ ಒಳಗೆ ಅರ್ಜಿ ಕೊಟ್ಟು, ಜೆರಾಕ್ಸ್ ಕಾಪಿ ಮೇಲೆ ತಾರೀಕು ಸಮೇತ ಸೀಲ್ ಹಾಕಿಸ್ಕೊಂಡು ಬಾ. ಬಾಯಲ್ಲಿ ಹೇಳಿ ಬಂದ್ರೆ ಹೇಳಿದ್ದೇ ಅಲ್ಲ. ಹೀಗೆ ಬರಿ:

"ನನ್ನ ಖಾತೆಯಿಂದ ಈ ಕೆಳಕಂಡ ನಾಲ್ಕು ದಿನಾಂಕಗಳಂದು ತಲಾ ರೂ. 399 ಯುಪಿಐ ಆಟೋಪೇ ಮೂಲಕ ಕಡಿತವಾಗಿರುತ್ತದೆ. ಬಾಕಿ ಹಣ ನೋಡುವುದಕ್ಕೆಂದು ತಿಳಿದು ಪಿನ್ ನಮೂದಿಸಿದ್ದು, ಪ್ರತಿ ತಿಂಗಳು ಹಣ ಕಡಿತವಾಗುವ ವಿಷಯ ನನಗೆ ತಿಳಿದಿರುವುದಿಲ್ಲ ಹಾಗೂ ಅದಕ್ಕೆ ನನ್ನ ಒಪ್ಪಿಗೆ ಇರುವುದಿಲ್ಲ. ಕಡಿತಕ್ಕೆ 24 ಗಂಟೆ ಮುಂಚೆ ಕಳುಹಿಸಬೇಕಾದ ಸೂಚನೆಯನ್ನು ನನಗೆ ಕಳುಹಿಸಿದ್ದರೆ ಅದರ ವಿವರ ಕೊಡಬೇಕಾಗಿ ಕೋರುತ್ತೇನೆ. ಸದರಿ ಮ್ಯಾಂಡೇಟನ್ನು ಈ ದಿನದಿಂದಲೇ ರದ್ದುಪಡಿಸಿ, ವಿವಾದ ದಾಖಲಿಸಿ, ದೂರಿನ ಸಂಖ್ಯೆ ನೀಡಬೇಕು."

ಆ 24 ಗಂಟೆ ಮಾತು ಮುಖ್ಯ. ಹೀಗೆ ಪದೇ ಪದೇ ಕಟ್ ಆಗೋ ದುಡ್ಡಿಗೆ 15,000 ತನಕ ಪ್ರತಿ ಸಲ ಪಿನ್ ಬೇಡ ಅಂತ 2022ರಲ್ಲಿ ಮಾಡಿದ್ರು, ಆದ್ರೆ ಮುಂಚೆನೇ ಮೆಸೇಜ್ ಕಳಿಸಿ ಬೇಡ ಅನ್ನೋಕೆ ದಾರಿ ಕೊಡ್ಲೇಬೇಕು. ಕಳಿಸಿದ್ರೆ ತೋರಿಸಲಿ. ಆ ನಾಲ್ಕು 12 ಅಂಕಿ ನಂಬರನ್ನೂ ಅರ್ಜಿಯಲ್ಲಿ ಬರಿ. 295ಕ್ಕೆ ಬೇರೆ ಅರ್ಜಿ ಕೊಡು, ಅದೊಂದು ಸಲಕ್ಕೆ ಮ್ಯಾನೇಜರ್ ಮನಸ್ಸು ಮಾಡಿದ್ರೆ ವಾಪಸ್ ಹಾಕಬಹುದು, ಒಂದೇ ಅರ್ಜಿಯಲ್ಲಿ ಎರಡೂ ಸೇರಿಸಿದ್ರೆ ಎರಡೂ ನೆನೆಗುದಿಗೆ ಬೀಳುತ್ತೆ.

ಬಿಎಂ ರೋಡ್ ಬಾಯ್

ಸರ್ ಒಪ್ಕೊಂಡೆ, ಕಾರ್ಡ್ ಬ್ಲಾಕ್ ಮಾಡಿದ್ರೆ ಎಲ್ಲಾ ನಿಲ್ಲುತ್ತೆ ಅಂತಾನೇ ಇಷ್ಟ್ ದಿನ ಅನ್ಕೊಂಡಿದ್ದೆ. ಈಗ ನನ್ ಫೋನಲ್ಲಿ ಆಟೋಪೇ ನೋಡಿದ್ರೆ ಮೂರಿದಾವೆ, ಒಂದು ಜಾತಕ ಹೇಳೋ ಆಪ್, ಯಾವಾಗ್ ಒತ್ತಿದ್ನೋ ದೇವ್ರಿಗೇ ಗೊತ್ತು. ನನ್ ಭವಿಷ್ಯ ಹೇಳೋಕೆ ತಿಂಗ್ಳಿಗೆ 149.

1930 ಬೇಡ್ವಾ ಹಾಗಾದ್ರೆ?

ಹಾಸನದ ವಕೀಲ್ರ ಮನೆ ಸೊಸೆ

1930 ಸೈಬರ್ ವಂಚನೆಗೆ, ಓಟಿಪಿ ಕೇಳಿ ಹೊಡೆದ್ರೆ ಲಿಂಕ್ ಕಳ್ಸಿ ಹೊಡೆದ್ರೆ ತಕ್ಷಣ ಮಾಡ್ಬೇಕು, ದುಡ್ಡು ಮುಂದಿನ ಅಕೌಂಟಿಂದ ಜಾರೋಕೆ ಮುಂಚೆ ತಡೆಯೋಕೆ ಆಗುತ್ತೆ ಅಂತ. ಇಲ್ಲಿ ಕಂಪ್ನಿ ಹೆಸ್ರು ವಿಳಾಸ ಎಲ್ಲಾ ಇದೆ, ಓಡಿ ಹೋಗಿಲ್ಲ, ಹಾಗಾಗಿ ಇದು ಗ್ರಾಹಕರ ವ್ಯಾಜ್ಯ. 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ದೂರು ತಗೊಂಡು ನಂಬರ್ ಕೊಟ್ಟು ಕಂಪ್ನಿಗೆ ಕಳಿಸ್ತಾರೆ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್ಸ್ ಬಗ್ಗೆ ಮಾರ್ಗಸೂಚಿ ತಂದಿದೆ, ಅದರಲ್ಲಿ 13 ಥರದ ಕಣ್ಕಟ್ಟು ಪಟ್ಟಿ ಮಾಡಿದಾರೆ, ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್ ಅನ್ನೋದು ಅದರಲ್ಲಿ ಒಂದು. ಸೇರೋದು ಒಂದೇ ಒತ್ತಿಗೆ, ಬಿಡೋದಕ್ಕೆ ಏಳು ಕೆರೆ ನೀರು ಕುಡೀಬೇಕು ಅಂದ್ರೆ ಅದೇ. ಕಂಪ್ನಿಗೆ ಮೇಲ್ ಹಾಕುವಾಗ ಆ ಪದನ ಹಾಗೇ ಬರೀರಿ. ನಮ್ಮ ಮಾವನೋರು ಹೇಳೋ ಪ್ರಕಾರ ಆ ಪದ ನೋಡಿದ್ರೆ ಯಂತ್ರದ ಬದ್ಲು ಮನುಷ್ಯ ಉತ್ತರ ಕೊಡ್ತಾನೆ.

ಪಿನ್ ಒತ್ತೋ ಪರದೆ ಬಗ್ಗೆ ಒಂದು ಮಾತು. ದುಡ್ಡು ಕೊಡೋದಾದ್ರೆ ಮೇಲ್ಗಡೆ ಯಾರಿಗೆ, ಎಷ್ಟು ಅಂತ ಇರುತ್ತೆ, ಬ್ಯಾಲೆನ್ಸ್ ನೋಡೋದಾದ್ರೆ ಮೊತ್ತ ಇರಲ್ಲ. ಅಮ್ಮಂಗೆ ಓದೋಕೆ ಬರದಿದ್ರೂ ಅಂಕಿ ಗೊತ್ತಿರುತ್ತಲ್ಲ, ಮೇಲೆ ರೂಪಾಯಿ ಗುರುತಿನ ಪಕ್ಕ ಅಂಕಿ ಕಂಡ್ರೆ ಒತ್ತಬೇಡಿ ಅಂತ ಹೇಳ್ಕೊಡಿ.

ಆಲೂರ್ ಸೀಮೆಯವ್ನು

ಎಲ್ರಿಗೂ ಅಪ್‌ಡೇಟ್ ಕೊಡ್ತೀನಿ ಅಂದಿದ್ದೆ, ಲೇಟಾಯ್ತು, ಒಂದು ಇಂಜಿನ್ ಬಿಚ್ಚಿಟ್ಕೊಂಡ್ ಕೂತಿದ್ದೆ.

ಆವತ್ತೇ ರಾತ್ರಿ ಹೋಗಿ ಆಟೋಪೇ ರದ್ದು ಮಾಡ್ದೆ, ಫೋಟೋ ತಗೊಂಡೆ. ಫೆಬ್ರವರಿ 17ಕ್ಕೆ ಅವ್ವನ್ನ ಬೈಕಲ್ಲಿ ಕೂರಿಸ್ಕೊಂಡು ಬ್ರಾಂಚಿಗೆ ಹೋಗಿ ಕ್ಯಾಷಿಯರ್ ಸರ್ ಬರ್ದಿದ್ದನ್ನೇ ಬರ್ದು ಎರಡು ಅರ್ಜಿ ಕೊಟ್ವಿ. ಮೊದ್ಲು ಇದೆಲ್ಲಾ ತಗೊಳಲ್ಲ, ಆನ್‌ಲೈನಲ್ಲಿ ಹಾಕಿ ಅಂದ್ರು. ನಾನು ಸರಿ, ತಗೊಳಲ್ಲ ಅಂತ ಇದರ ಮೇಲೇ ಬರ್ದು ಸೀಲ್ ಹಾಕ್ಕೊಡಿ ಅಂದೆ (ಮೂಡಿಗೆರೆ ಅಕ್ಕನ ಐಡಿಯಾ ಸ್ವಲ್ಪ ತಿರುಗಿಸಿದ್ದು). ಒಳಗ್ ಹೋದ್ರು, ಬಂದ್ರು, ಸೀಲ್ ಹಾಕಿದ್ರು. ದೂರಿನ ನಂಬರೂ ಬಂತು.

24 ರಾತ್ರಿ ಅವ್ವನ ಫೋನ್ ನನ್ ಹತ್ರನೇ ಇಟ್ಕೊಂಡು ಹನ್ನೊಂದೂವರೆ ತನಕ ಕಾಯ್ತಾ ಕೂತಿದ್ದೆ. ಏನೂ ಬರ್ಲಿಲ್ಲ. 295 ಮಾರ್ಚ್ 2ಕ್ಕೆ ವಾಪಸ್ ಬಿತ್ತು. ಇನ್ಶೂರೆನ್ಸ್ ಕಂತು ಕೈಯಿಂದ ಕಟ್ಟಿ ಬಂದಿದೀವಿ, ಪಾಲಿಸಿ ಉಳೀತು. ಕಂಪ್ನಿಯೋರು ಮೊದ್ಲು ನಮ್ಮಲ್ಲಿ ರೀಫಂಡ್ ಇಲ್ಲ ಅಂತ ಒಂದೇ ಮೆಸೇಜ್ ಮೂರು ಸಲ ಕಳಿಸಿದ್ರು, 1915ರಲ್ಲಿ ದೂರು ಕೊಟ್ಟು ಆ ನಂಬರ್ ಹಾಕಿ ಮೇಲ್ ಮಾಡಿದ್ಮೇಲೆ ಡಿಸೆಂಬರ್ ಜನವರಿದು ಎರಡು ಸೇರಿ 798 ಬಂತು. ಹಳೇ ಎರಡು ತಿಂಗ್ಳದ್ದು ಇನ್ನೂ ಇಲ್ಲ. ಅವ್ವ ಹೋಗ್ಲಿ ಬಿಡು, ಪೆಟ್ರೋಲಿಗೇ ಅಷ್ಟು ಖರ್ಚಾಯ್ತು ಅಂತವ್ರೆ. ಈಗ ಯಾರೇ ಫೋನ್ ತಂದ್ರೂ ಪಿನ್ ಒತ್ತೋಕೆ ಮುಂಚೆ "ಇದು ನೋಡಕ್ಕಾ, ಕೊಡಕ್ಕಾ?" ಅಂತ ಕೇಳ್ತಾರೆ, ನಂಗೂ ಕೇಳ್ತಾರೆ. ಡೈರಿ ಸೆಕ್ರೆಟ್ರಿ ಮನೆಗೆ ಒಂದು ಗಿಂಡಿ ಮಜ್ಜಿಗೆ ಕಳಿಸಿದ್ರು ಮೊನ್ನೆ.

ಉಳಿದ 798ಕ್ಕೆ ಬ್ಯಾಂಕಿಂದ ಉತ್ತರನೇ ಬಂದಿಲ್ಲ, ಮುಂದೆ ಏನು ಸರ್?

ರಿಟೈರ್ಡ್ ಕ್ಯಾಷಿಯರ್, ಚಿಕ್ಕಮಗಳೂರು

ಶಹಬ್ಬಾಸ್. ಬಿಡಬೇಡ, ಇಷ್ಟು ದೂರ ಬಂದಿದ್ದೀಯ. ಅರ್ಜಿ ಕೊಟ್ಟು 30 ದಿನ ಆಗೋ ತನಕ ಸುಮ್ಮನಿರು, ನಿನ್ನ ಲೆಕ್ಕಕ್ಕೆ ಮಾರ್ಚ್ 19. ಆಮೇಲೂ ಉತ್ತರ ಇಲ್ಲ ಅಂದ್ರೆ ಬ್ಯಾಂಕುಗಳ ಮೇಲಿನ ದೂರು ಕೇಳೋ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹಾಕು, ದುಡ್ಡು ಕಟ್ಟೋದಿಲ್ಲ, ವಕೀಲರೂ ಬೇಡ. ರಿಸರ್ವ್ ಬ್ಯಾಂಕಿನ ಸಿಎಂಎಸ್ ಅನ್ನೋ ದೂರಿನ ವೆಬ್‌ಸೈಟಲ್ಲಿ ಹಾಕಬಹುದು, ಗೊತ್ತಾಗದಿದ್ರೆ 14448ಕ್ಕೆ ಫೋನ್ ಮಾಡಿ ಕೇಳು. ಫೋನಲ್ಲಿ ಟೈಪ್ ಮಾಡೋಕೆ ತ್ರಾಸ ಅಂದ್ರೆ ಪೇಪರ್ ಮೇಲೆ ಬರೆದು ಚಂಡೀಗಢದ ಸೆಕ್ಟರ್ 17ರಲ್ಲಿರೋ ಅವರ ಕೇಂದ್ರಕ್ಕೆ ಪೋಸ್ಟ್ ಮಾಡು, ಪಿನ್ 160017, ಕನ್ನಡದಲ್ಲೇ ಬರೀಬಹುದು. ಸೀಲ್ ಹಾಕಿರೋ ಅರ್ಜಿ ಜೆರಾಕ್ಸ್ ಇಡೋದು ಮರೀಬೇಡ. ಸ್ಪೀಡ್ ಪೋಸ್ಟೇ ಮಾಡು, ರಸೀದಿ ಇರುತ್ತೆ.

ಆಲೂರ್ ಸೀಮೆಯವ್ನು

ಆಯ್ತು ಸರ್. 20ಕ್ಕೆ ಆಲೂರು ಪೋಸ್ಟ್ ಆಫೀಸಿಗೆ ಹೋಗ್ತೀನಿ, ಏನಾಯ್ತು ಅಂತ ಇಲ್ಲೇ ಬಂದು ಹಾಕ್ತೀನಿ.